ಕೊನೆಯ ಸರದಿಯ ನೀರುಗಂಟಿ

ಮೇ ತಿಂಗಳ ಎರಡನೆಯ ವಾರ. ರಾತ್ರಿಯೆಲ್ಲ ಕಟ್ಟಿಕೊಂಡಿದ್ದ ಮೋಡ ಒಂದು ಹನಿಯನ್ನೂ ಉದುರಿಸದೆ ಬೆಳಗಿನ ಹೊತ್ತಿಗೆ ಆಂಧ್ರದ ಕಡೆ ಸರಿದುಹೋಗಿದೆ. ಗಾಳಿಯಿಲ್ಲ. ಐದೂವರೆಗೇ ಮೈ ಬೆವರುತ್ತದೆ. ಗೌರಿಬಿದನೂರು ತಾಲ್ಲೂಕು ನಗರಗೆರೆ ಹೋಬಳಿಯ ಈ ಸಣ್ಣ ಊರಿನ ಕೆರೆ ಏರಿಯ ಮೇಲೆ ಮುನಿವೆಂಕಟಪ್ಪ ಚಪ್ಪಲಿ ಕಳಚಿಟ್ಟು, ತೂಬಿನ ಕಲ್ಲಿಗೆ ಅರಿಸಿನ ಹಚ್ಚಿ, ಗಂಗಮ್ಮನಿಗೆ ಕೈಮುಗಿಯುತ್ತಾರೆ. ಆಮೇಲೆ ಕೆರೆಯತ್ತ ನೋಡುತ್ತಾರೆ. ತೂಬಿನ ಬಾಯಿಗಿಂತ ನೀರು ಒಂದು ಗೇಣು ಮೇಲಿದೆ, ಅಷ್ಟೇ.

“ಇವತ್ತೇ ಕೊನೆ ಸ್ವಾಮಿ. ಹತ್ತು ಗಂಟೆಗೆಲ್ಲಾ ನೀರು ನಿಂತೋಗ್ತದೆ,” ಎಂದು ನಮ್ಮತ್ತ ತಿರುಗುತ್ತಾರೆ.

ಐವತ್ತಮೂರು ವರ್ಷದ ಇವರು ಊರಿನ ನೀರುಗಂಟಿ. ಕೆರೆಯ ತೂಬು ತೆಗೆದು, ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು ಇವರ ಕೆಲಸ. ತಾತ, ಅಪ್ಪ ಮಾಡಿಕೊಂಡು ಬಂದದ್ದೇ. ನಡುವೆ ಹದಿನೇಳು ವರ್ಷ ಮಾತ್ರ ಸೈನ್ಯದಲ್ಲಿದ್ದರು. ಹನ್ನೊಂದು ಮನೆಯ ಗದ್ದೆ, ಒಂದೊಂದಕ್ಕೆ ಎರಡು ಗಂಟೆ ನೀರು. ಏರಿಯಿಂದ ಕಾಲುವೆಯ ಕೊನೆಗೆ ದಿನಕ್ಕೆ ಏಳೆಂಟು ಸಲ ನಡೆಯುತ್ತಾರೆ. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಒಂದು ಹೊರೆ ತೆನೆ ಬರುತ್ತದೆ.

ಸರದಿ ಬದಲಾಗುವುದು ಇವರ ಸೀಟಿಯಿಂದ. ಮುಂದಿನವನು ಸನಿಕೆ ಹಿಡಿದು, ತನ್ನ ಗದ್ದೆಗೆ ನೀರು ತಿರುಗುವ ಮಡೆಯ ಹತ್ತಿರ ಬಂದು ನಿಲ್ಲುವವರೆಗೆ ಹಿಂದಿನವನು ಕದಲುವಂತಿಲ್ಲ. ಇದು ಪಹರೆಯ ಕ್ರಮ.

“ಗಡೀಲಿ ಸೆಂಟ್ರಿ ಡ್ಯೂಟಿ ಎರಡು ಗಂಟೆ. ಇನ್ನೊಬ್ಬ ಬಂದು ನಿಂತ ಮೇಲೇನೇ ನಾವು ಹೋಗ್ಬೇಕು. ನೀರಿಗೂ ಅದೇ ಸರಿ ಅನ್ನಿಸ್ತು.”

ಅಂಬಲಿಯ ಚೊಂಬು ಹಿಡಿದು ಬಂದ ಹೆಂಡತಿ ಗಂಗುಲಮ್ಮನಿಗೆ ನಗು ತಡೆಯದು. “ರಿಟೈರಾಗಿ ಬಂದ ಹೊಸದರಲ್ಲಿ ಏರಿ ಮೇಲೆ ಏನೋ ಅಲ್ಲಾಡ್ತು ಅಂತ ‘ಥಮ್! ಕೌನ್ ಆತಾ ಹೈ?’ ಅಂತ ಕೂಗವ್ರೆ. ನೋಡಿದ್ರೆ ನಮ್ಮ ಎಮ್ಮೆ! ಪಾಪ, ಅದಕ್ಕೇನು ಹಿಂದಿ ಬರ್ತದಾ?”

“ನಿಂತ್ಕೊಂತಲ್ಲ! ಮಾತು ಕೇಳ್ತು,” ಎನ್ನುತ್ತಾರೆ ಮುನಿವೆಂಕಟಪ್ಪ.

ಯುದ್ಧದ ಮಾತನ್ನು ಅವರಾಗಿ ತೆಗೆಯುವುದಿಲ್ಲ. ಕೇಳಿದರೆ, ಹೇಳುವುದು ಗುಂಡಿನ ಕತೆಯಲ್ಲ, ನೀರಿನ ಕತೆ. ತೊಂಬತ್ತೊಂಬತ್ತರ ಮೇ ತಿಂಗಳು. ರಜೆಗೆ ಬಂದವರಿಗೆ ತಂತಿ ಬಂತು, ಅರ್ಧಕ್ಕೇ ಹೊರಟರು. ಗಡಿಯ ಬೆಟ್ಟದ ಆ ಎತ್ತರದಲ್ಲಿ ಸುತ್ತಲೂ ಹಿಮ, ಕರಗಿಸಲು ಬೆಂಕಿ ಹಚ್ಚುವಂತಿಲ್ಲ, ಕುಡಿಯಲು ಮಾತ್ರ ನೀರಿಲ್ಲ. ಒಂದು ದಿನ ಒಂಬತ್ತು ಜನಕ್ಕೆ ಉಳಿದದ್ದು ಅರ್ಧ ಬಾಟಲಿ. ಸುಬೇದಾರರು ಬಾಟಲಿಯ ಮುಚ್ಚಳದಲ್ಲೇ ಅಳೆದರು. ಗಾಯವಾದವರಿಗೆ ಮೊದಲು, ಆಮೇಲೆ ಉಳಿದವರಿಗೆ. ಕಡೆಗೆ ಬಾಟಲಿಯನ್ನು ತಮ್ಮ ನಾಲಗೆಯ ಮೇಲೆ ಬೋರಲು ಹಾಕಿಕೊಂಡರು. ಒಂದು ಹನಿಯೂ ಬೀಳಲಿಲ್ಲ. ಅವರು ನಕ್ಕುಬಿಟ್ಟರು.

“ಆವತ್ತೇ ಕಲಿತೆ. ನೀರು ಹಂಚೋನು ಕೊನೇಲಿ ಕುಡೀಬೇಕು.” ಅದಕ್ಕೇ ತಮ್ಮ ಅರ್ಧ ಎಕರೆಯ ಸರದಿಯನ್ನು ಅವರು ಹನ್ನೊಂದನೆಯದಾಗಿ ಇಟ್ಟುಕೊಂಡಿದ್ದಾರೆ.

ಅದೇ ಬೆಟ್ಟಕ್ಕೆ ಅಪ್ಪನ ಕಾಗದ ಬಂದಿತ್ತು. ಮೇಷ್ಟ್ರ ಕೈಲಿ ಬರೆಸಿದ್ದು: ‘ಪೈರು ತೆನೆ ತುಂಬಿದೆ, ಊರಿನ ಚಿಂತೆ ಬೇಡ.’ ಚಳಿಯಲ್ಲಿ ಕಣ್ಣು ಮುಚ್ಚಿದಾಗಲೆಲ್ಲ ಆ ಹಸಿರು ಕಾಣುತ್ತಿತ್ತಂತೆ. ಊರಿಗೆ ಮರಳಿದಾಗ ಅಂಗಳದಲ್ಲಿದ್ದದ್ದು ಜೊಳ್ಳಿನ ರಾಶಿ.

“ಮಾವಂಗೆ ಚಳಿಜ್ವರ, ನಾನು ಬಾಣಂತಿ,” ಗಂಗುಲಮ್ಮ ದನಿ ತಗ್ಗಿಸುತ್ತಾರೆ. “ಮಡೆ ಹತ್ರ ನಿಲ್ಲೋರು ಯಾರೂ ಇರ್ಲಿಲ್ಲ. ಕೊನೇ ನೀರು. ಮೇಲಿನ ಗದ್ದೆ ಬಯ್ಯಪ್ಪ ನಮ್ಮ ಸರದೀನೂ ತನ್ನ ಗದ್ದೆಗೇ ತಿರುಗಿಸ್ಕೊಂಡ. ಮಾವ ಸಾಯೋಗಂಟ ಒಂದು ಮಾತು ಕೇಳ್ಲಿಲ್ಲ. ಇವರೂ ಕೇಳ್ಲಿಲ್ಲ.”

ಅದೇ ಬಯ್ಯಪ್ಪನ ಗದ್ದೆಗೆ ಮುನಿವೆಂಕಟಪ್ಪ ವರ್ಷವರ್ಷವೂ ಒಂದು ನಿಮಿಷ ಕಡಿಮೆಯಾಗದಂತೆ ನೀರು ಬಿಟ್ಟಿದ್ದಾರೆ. ಬೆಟ್ಟದ ಮೇಲಿನ ಆ ಮುಚ್ಚಳ ಇನ್ನೂ ಈ ಕೈಯಲ್ಲಿದೆಯೇನೋ.

ಇವತ್ತು ಉಳಿದಿರುವುದು ಮೂರು ಸರದಿ. ಆರರಿಂದ ಎಂಟು ಚೆನ್ನರಾಯಪ್ಪನದು, ಎಂಟರಿಂದ ಹತ್ತು ಬಯ್ಯಪ್ಪನದು, ಕೊನೆಯದು ಇವರದು. ಕೊನೆಯ ಈ ಎರಡು ಗದ್ದೆಯಲ್ಲೂ ಭತ್ತ ಹಾಲುಗಾಳಿನಲ್ಲಿದೆ, ಇನ್ನೂ ಗಟ್ಟಿಯಾಗಿಲ್ಲ. ಇವತ್ತು ನೀರು ಕಾಣದಿದ್ದರೆ ಜೊಳ್ಳು. ತಮ್ಮ ಗದ್ದೆಗೆ ನೀರು ಮುಟ್ಟುವುದಿಲ್ಲವೆಂದು ಮುನಿವೆಂಕಟಪ್ಪನಿಗೆ ಗೊತ್ತು. ತೂಬಿನ ಕೀಲಿ ಅವರ ಸೊಂಟದಲ್ಲೇ ಇದೆ.

“ಒಂದರ್ಧ ಗಂಟೆ ಮುಂಚೆ ಸೀಟಿ ಹೊಡೆದ್ರೆ ಯಾರಿಗ್ಗೊತ್ತಾಗ್ತದೆ?” ಹೆಂಡತಿ ಕೆಣಕುತ್ತಾರೆ.

“ಗಂಗಮ್ಮಂಗೆ ಗೊತ್ತಾಗ್ತದೆ ಕಣೇ.”

ಎಂಟಕ್ಕೆ ಸರಿಯಾಗಿ ಸೀಟಿ. ಚೆನ್ನರಾಯಪ್ಪ ತನ್ನ ಮಡೆ ಮುಚ್ಚುತ್ತಾನೆ. ಎಪ್ಪತ್ತು ದಾಟಿದ ಬಯ್ಯಪ್ಪ ಸನಿಕೆ ಊರಿಕೊಂಡು ಬಂದು ನಿಲ್ಲುತ್ತಾರೆ. ಮಡೆ ಒಡೆಯುವುದಿಲ್ಲ. ಬಗ್ಗಿ, ಒಂದು ಬುಟ್ಟಿಯಷ್ಟು ಕೆಸರು ಎತ್ತಿ, ಅದರ ಬಾಯಿಗೇ ಮೆತ್ತುತ್ತಾರೆ.

“ಏಮನ್ನಾ, ಸೀಟಿ ಕೇಳಿಸ್ಲಿಲ್ವಾ? ನಿಂದೇ ಸರದಿ.”

“ನಂದು ಆ ವರ್ಸಾನೇ ಆಗೋಯ್ತಲ್ಲಪ್ಪ.”

ಮುನಿವೆಂಕಟಪ್ಪ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲುತ್ತಾರೆ. “ನಿನ್ನ ಪೈರು ಬಯ್ಯಣ್ಣ?”

“ನಿಮ್ಮಪ್ಪ ನನ್ನೇನಾದ್ರೂ ಕೇಳಿದ್ನಾ? ನೀನೂ ಕೇಳ್ಬೇಡ. ನಡಿ, ಅಲ್ಲಿ ನಿನ್ನ ಮಡೆ ತೆಗಿ.”

ಕಾಲುವೆಯ ನೀರು ಬಯ್ಯಪ್ಪನ ಗದ್ದೆಯನ್ನು ದಾಟಿ, ಒಣಗಿ ಬಿರಿದ ಮಣ್ಣನ್ನು ತೋಯಿಸುತ್ತ ಕೊನೆಯ ಗದ್ದೆಯ ಕಡೆ ಹೊರಳುತ್ತದೆ. ಮುನಿವೆಂಕಟಪ್ಪ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಅದರ ಹಿಂದೆಯೇ ನಡೆಯುತ್ತಾರೆ. ಇತ್ತ ಬಯ್ಯಪ್ಪ ಸನಿಕೆಯ ಬೆನ್ನಿನಿಂದ ತಮ್ಮ ಮಡೆಯ ಕೆಸರನ್ನು ಇನ್ನೆರಡು ಸಲ ತಟ್ಟಿ, ಒಂದು ಹನಿಯೂ ಸೋರುವುದಿಲ್ಲವೆಂದು ನೋಡಿಕೊಂಡು, ಮನೆಯ ದಾರಿ ಹಿಡಿಯುತ್ತಾರೆ.