ಒದೀಲೇ ಅಂದರೆ ಒದಿ, ಒದಿಲೇಯ್ ಅಂದರೆ ಬಿಡು

ಅಂಥ ಆಟಗಾರನನ್ನು ಯಾಕೆ ಬಿಟ್ಟಿರಿ ಎಂದು ವಿಜಯವಾಡದ ಪಟಮಟದ ಮೈದಾನದಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ತೆಲುಗಿನಲ್ಲಿ ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಆರು ತಿಂಗಳಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ವಿಶಾಖಪಟ್ಟಣದ ನಮ್ಮ ಟೌನ್‌ಶಿಪ್ಪಿನ ಹಾಲಿನ ಬೂತಿನವ ಕೇಳಿದ್ದಾನೆ, ಕ್ಯಾಂಟೀನಿನಲ್ಲಿ ಇಡ್ಲಿ ಬಡಿಸುವವಳು ಕೇಳಿದ್ದಾಳೆ. ನನ್ನ ಹೆಂಡತಿಯಂತೂ ವಾರಕ್ಕೆರಡು ಸಲ ಕೇಳುತ್ತಾಳೆ, ಅದೂ ನಾನು ತುತ್ತು ಬಾಯಿಗಿಟ್ಟಾಗಲೇ. ಎಲ್ಲರಿಗೂ ಒಪ್ಪಿಸಲು ನನ್ನ ಹತ್ತಿರ ಮೂರು ಕಾರಣಗಳಿವೆ. ಮೂರೂ ನಿಜ, ಮೂರೂ ಕೆಲಸಕ್ಕೆ ಬಾರದವು.

ನಾನು ಧಾರವಾಡದ ಕಡೆಯವನು. ಇಪ್ಪತ್ತೆರಡು ವರ್ಷದಿಂದ ವಿಶಾಖಪಟ್ಟಣದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಎಂಜಿನಿಯರ್. ಅಲ್ಲಿನ ಕ್ಲಬ್ಬಿನ ಫುಟ್‌ಬಾಲ್ ತಂಡಕ್ಕೆ ನಾನೇ ಸೆಕ್ರೆಟರಿ. ಆಟ ಬರುತ್ತದೆಂದಲ್ಲ, ಫಾರಂ ತುಂಬಲು ಬೇರೆ ಯಾರಿಗೂ ಪುರಸೊತ್ತಿಲ್ಲ ಎಂದು.

ನಾವು ಬಿಟ್ಟ ಆಟಗಾರ ನಮ್ಮ ಕ್ವಾರ್ಟರ್ಸಿನಿಂದ ಎರಡು ಬೀದಿ ಆಚೆ ಇರುವವನು. ಅವನ ಅಪ್ಪ ನಮ್ಮ ಕಡೆಯವರೇ, ಇದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಮಗ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಈಗ ಇಪ್ಪತ್ತಾರರ ಗಂಡಸು, ಒಂದು ಖಾಸಗಿ ಶಾಲೆಯಲ್ಲಿ ಆಟದ ಮೇಷ್ಟ್ರು. ಸಿಟ್ಟು ಬಂದರೆ ತೆಲುಗು, ಲೆಕ್ಕ ಮಾಡಿದರೆ ತೆಲುಗು. ಕನ್ನಡ ಉಳಿದಿರುವುದು ಅವ್ವನ ಜೊತೆಗೆ ಮತ್ತು ನನ್ನ ಜೊತೆಗೆ. ನನ್ನನ್ನು ಕಾಕಾ ಎನ್ನುತ್ತಾನೆ. ಅವನ ಎಡಗಾಲಿನ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಹೊಟ್ಟೆ ಉರಿಯುತ್ತದೆ.

ಆ ಎಡಗಾಲಿಗೂ ನನಗೂ ನಡುವೆ ಒಂದು ಶಬ್ದವಿತ್ತು. ಅವನು ತಂಡಕ್ಕೆ ಬಂದ ಮೊದಲ ಪಂದ್ಯದಲ್ಲೇ ಚೆಂಡು ಗೋಲಿನ ಮುಂದೆ ಬಿತ್ತು. ಇವನೊಬ್ಬ, ಎದುರಾಳಿಗಳು ಇಬ್ಬರು. ನಾನು ಗೆರೆಯ ಆಚೆಯಿಂದ ಊರ ಭಾಷೆಯಲ್ಲಿ "ಒದೀಲೇ!" ಎಂದು ಕಿರುಚಿದೆ. ಒದಿಯೋ ಮಾರಾಯ ಎಂದಷ್ಟೇ ಅರ್ಥ. ಆದರೆ ಇಲ್ಲಿಯವರು ಆಡುವ ತೆಲುಗಿನಲ್ಲಿ "ಒದಿಲೇಯ್" ಅಂದರೆ ಬಿಟ್ಟುಬಿಡು. ಚೆಂಡು ಬಿಡು ಎಂದು ತಮ್ಮವರೇ ಯಾರೋ ಕೂಗಿದರು ಎಂದುಕೊಂಡು ಆ ಇಬ್ಬರೂ ಕಾಲು ಹಿಂದೆಗೆದರು. ಇವನೊಬ್ಬನಿಗೆ ಕನ್ನಡ ಕೇಳಿಸಿತು, ಒದ್ದ. ಗೋಲು. ಆಮೇಲೆ ನಾಲ್ಕು ವರ್ಷ ಅದೇ ನಮ್ಮ ಕಸುಬಾಯಿತು. ಹೊಸ ತಂಡ ಎದುರಾದಾಗಲೆಲ್ಲ ಅವನು ಆಟಕ್ಕೆ ಇಳಿಯುವ ಮೊದಲು, "ಕಾಕಾ, ಗಂಟಲು ಛಲೋ ಐತೇನ್ರಿ?" ಎಂದು ಕೇಳಿಯೇ ಇಳಿಯುತ್ತಿದ್ದ.

ನಮ್ಮ ಲೀಗಿನ ಕಟ್ಟಳೆ ಸರಳ. ಋತು ಮುಗಿದರೆ ಆಟಗಾರನ ನಂಟೂ ಮುಗಿಯಿತು. ಮುಂದಿನ ಋತುವಿಗೆ ಗೊತ್ತುಪಡಿಸಿದ ದಿನದೊಳಗೆ ಕ್ಲಬ್ಬು ಹೊಸ ಫಾರಮ್ಮಿಗೆ ಅವನ ರುಜು ಹಾಕಿಸಿಕೊಳ್ಳಬೇಕು. ಇಲ್ಲದಿದ್ದರೆ ಅವನು ಯಾರ ತಂಡಕ್ಕೆ ಬೇಕಾದರೂ ಹೋಗಬಹುದು, ತಡೆಯುವ ಹಾಗಿಲ್ಲ. ಅದರ ಮೇಲೆ ನಮ್ಮ ಕ್ಲಬ್ಬಿನದೇ ಇನ್ನೊಂದು ನಿಯಮ: ಕಾರ್ಖಾನೆಯ ನೌಕರರಲ್ಲದವರು ಇಬ್ಬರಿಗಿಂತ ಹೆಚ್ಚು ಇರಕೂಡದು. ಒಬ್ಬ ನಮ್ಮ ಗೋಲ್‌ಕೀಪರ್. ಇನ್ನೊಬ್ಬ ಇವನು.

ಕಳೆದ ಸಲ ನಾವು ಗೋಲು ಹೊಡೆದದ್ದಕ್ಕಿಂತ ಬಿಟ್ಟುಕೊಟ್ಟದ್ದೇ ಹೆಚ್ಚು. ನಮಗೆ ಹೊರಗಿನಿಂದ ಒಬ್ಬ ಡಿಫೆಂಡರ್ ಬೇಕಾಗಿದ್ದ, ಅದು ಒಂದನೇ ಕಾರಣ. ಇವನ ಮೊಣಕಾಲು ಒಮ್ಮೆ ಉಳುಕಿತ್ತು, ಅದು ಎರಡನೆಯದು. ಅವನ ಜಾಗದಲ್ಲಿ ಆಡಬೇಕೆಂದು ಹಿರಿಯ ನೌಕರನೊಬ್ಬ ಮೂರು ವರ್ಷದಿಂದ ಬೆಂಚು ಸವೆಸುತ್ತಿದ್ದ, ಅದು ಮೂರನೆಯದು. ಕಡೆಯ ದಿನಕ್ಕೆ ಮೂರು ದಿನ ಇದ್ದಾಗ, ಮಧ್ಯಾಹ್ನ, ಸಮಿತಿ ಸೇರಿತು. ಫಾರಂ ನನ್ನ ಚೀಲದಲ್ಲಿತ್ತು. ಹತ್ತು ನಿಮಿಷದ ಕೆಲಸ, ಬಂದು ರುಜು ಹಾಕಿ ಹೋಗು ಎಂದು ಅವನಿಗೆ ಹೇಳಿಯೂ ಇದ್ದೆ.

ಹತ್ತು ನಿಮಿಷ ಎರಡು ಗಂಟೆಯಾಯಿತು. ಅಧ್ಯಕ್ಷರು ಸಭ್ಯರು, ದನಿ ಎತ್ತುವವರಲ್ಲ. ಅದೇ ನನಗೆ ತಡೆಯಲಾಗದ್ದು. ಒಬ್ಬರು ಮೊಣಕಾಲು ಎಂದರು, ಇನ್ನೊಬ್ಬರು ನೌಕರರ ಅಸಮಾಧಾನ ಎಂದರು, ಮತ್ತೆ ಮೊಣಕಾಲಿಗೆ ಬಂದರು. ಗೋಲು ಹೊಡೆಯುವವನೇ ಇಲ್ಲದೆ ಡಿಫೆಂಡರ್ ಕಟ್ಟಿಕೊಂಡು ಏನು ಮಾಡುತ್ತೀರಿ ಎಂದು ನಾನು ನನ್ನ ಹರಕು ತೆಲುಗಿನಲ್ಲಿ ಐದು ಸಲ ಹೇಳಿದೆ. ಐದು ಸಲವೂ ಅವರು, ನಿಜವೇ ಸಾರ್, ಆದರೂ, ಎಂದರು. ಆ 'ಆದರೂ' ಆರನೆಯ ಸಲ ಬಂದಾಗ ನನಗೆ ರೇಗಿತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, "ಒದಿಲೇಯಂಡಿ ಸಾರ್, ಒದಿಲೇಯಂಡಿ!" ಎಂದುಬಿಟ್ಟೆ.

ಈ ಚರ್ಚೆ ಬಿಡಿ, ಸಾಕು ಎಂದು ನನ್ನ ಅರ್ಥ. ಅಧ್ಯಕ್ಷರ ಮುಖದಲ್ಲಿ ಎಂಥ ನಿರಾಳ! ಸೆಕ್ರೆಟರಿಯವರೂ ಅವನನ್ನು ಬಿಡಲು ಒಪ್ಪಿದ್ದಾರೆ ಎಂದು ಸಭೆಯ ಪುಸ್ತಕದಲ್ಲಿ ಬರೆಸಿದರು. ನಾನು ತಿದ್ದಲಿಲ್ಲ. ಬರೆದುಕೊಳ್ಳಲಿ, ಅನುಭವಿಸಲಿ ಎಂದು ಹಿಂಬಾಗಿಲಿನಿಂದ ಮನೆಗೆ ಬಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮವ್ವ ನನಗೆ ಹೇಳಿದ್ದು ಒಂದು ಸಲವಲ್ಲ.

ಮೂರು ದಿನ ನಾನು ಮುನಿಸಿಕೊಂಡು ಕೂತೆ. ಅಧ್ಯಕ್ಷರು ತಾವಾಗಿ ಫೋನು ಮಾಡಿ, ತಪ್ಪಾಯಿತು, ಫಾರಂ ತನ್ನಿ ಎನ್ನುತ್ತಾರೆಂದು ಕಾದೆ. ಅವರು ಯಾಕೆ ಮಾಡುತ್ತಾರೆ? ಅವರ ಲೆಕ್ಕದಲ್ಲಿ ನಾನೇ ಒಪ್ಪಿದವನು. ನಾಲ್ಕನೆಯ ದಿನ ವಿಜಯವಾಡದ ಒನ್ ಟೌನ್ ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ರೈಲು ಹತ್ತಿ ಬಂದರಂತೆ. ಅಲ್ಲಿನ ಒಂದು ತಂಡ ಅವರದು. ಅವನ ಮನೆಯ ಚಾಪೆಯ ಮೇಲೆ ಕೂತು, ಅವನ ಅವ್ವ ಮಾಡಿದ ಉಪ್ಪಿಟ್ಟು ತಿಂದು, ನಿಮ್ಮ ಮಗ ನಮಗೆ ಬೇಕಮ್ಮಾ ಎಂದರಂತೆ. ಇಷ್ಟನ್ನೂ ನನಗೆ ಹೇಳಿದವನು ಹಾಲಿನ ಬೂತಿನವ. ಆಮೇಲೆ ನಮ್ಮ ಸಮಿತಿ ಗೋಲು ಹೊಡೆಯುವವನಿಗಾಗಿ ಊರೆಲ್ಲ ಹುಡುಕಿತು. ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುವವರನ್ನು ಕಂಡಿದ್ದೆ. ಇವರು ಬೆಣ್ಣೆಯನ್ನು ಬೇರೆ ಊರಿಗೆ ಕೊಟ್ಟು ಅಲೆದರು.

ಹೀಗೆ ಈ ವರ್ಷ ಪಟಮಟದಲ್ಲಿ ನಾವೂ ಅವರೂ ಎದುರಾದೆವು. ಕೊನೆಯ ಐದು ನಿಮಿಷದವರೆಗೂ ಯಾರದೂ ಗೋಲಿಲ್ಲ. ನಮ್ಮ ಹೊಸ ಡಿಫೆಂಡರ್ ಚೆನ್ನಾಗಿಯೇ ಆಡುತ್ತಿದ್ದ, ಸುಳ್ಳು ಹೇಳಬಾರದು. ಅಷ್ಟರಲ್ಲಿ ಚೆಂಡು ಪುಟಿದು ನಮ್ಮ ಗೋಲಿನ ಮುಂದೆಯೇ ಆ ಎಡಗಾಲಿನ ಹತ್ತಿರ ಬಿತ್ತು. ನನ್ನ ಬಾಯಿಗೆ ಯಾರ ತಂಡ ಎಂಬ ಗೊಡವೆ ಇರಲಿಲ್ಲ. ನಾಲ್ಕು ವರ್ಷದ ರೂಢಿ, ಎದ್ದು ನಿಂತು ಕಿರುಚಿತು: "ಒದೀಲೇ!"

ನಮ್ಮ ಹೊಸ ಡಿಫೆಂಡರಿಗೆ ಈ ಕಥೆ ಯಾರೂ ಹೇಳಿರಲಿಲ್ಲ. ತನ್ನದೇ ಸೆಕ್ರೆಟರಿ ಬಿಡು ಎಂದ ಎಂದುಕೊಂಡು ಕಾಲು ಹಿಂದೆಗೆದ. ಇವನು ಒದ್ದ. ಸೋತೆವು.

ಪಂದ್ಯ ಮುಗಿದ ಮೇಲೆ ನಮ್ಮವರು ಯಾರೂ ನನ್ನ ಕಡೆ ನೋಡಲಿಲ್ಲ. ಅವನೇ ಬೆವರು ಒರೆಸಿಕೊಳ್ಳುತ್ತ ಬಂದ, ಬಗ್ಗಿ ನನ್ನ ಕಾಲು ಮುಟ್ಟಿದ. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಮೊಣಕಾಲು ಹೇಗಿದೆ ಎಂದು ಏನೋ ಕೇಳಿದೆ.

"ಇವತ್ತು ನೀವು ಕನ್ನಡದಾಗ ಅಂದ್ರಿ ಅಂತ ನಂಗ ತಿಳೀತು ಕಾಕಾ," ಎಂದ. "ಅವತ್ತು ತೆಲುಗಿನ್ಯಾಗ ಅಂದ್ರಿ. ನಾ ಬಾಗಲ ಹೊರಗ ನಿಂತಿದ್ದೆ."

ರುಜು ಹಾಕಲು ಬಾ ಎಂದವನು ನಾನೇ. ಎರಡು ಗಂಟೆ ಅವನು ಅಲ್ಲೇ ನಿಂತಿದ್ದ. ನಾನು ಹಿಂಬಾಗಿಲಿನಿಂದ ಹೋದದ್ದರಿಂದ ನೋಡಿರಲಿಲ್ಲ.

"ಆ ಮಾತು ಬಿಡ್ರಿ ಅಂದೆ ತಮ್ಮಾ, ನಿನ್ನ ಬಿಡ್ರಿ ಅನ್ನಲಿಲ್ಲ," ಎಂದೆ.

ಅವನು ನನ್ನನ್ನು ನಂಬಿದನೆಂದೇ ಕಾಣುತ್ತದೆ, ಮುಖ ಹಗುರಾಯಿತು. ಆಮೇಲೆ ನಿಜವಾಗಿಯೂ ಅರ್ಥವಾಗದವನ ಹಾಗೆ ಕೇಳಿದ.

"ಹಂಗಾದ್ರ ಮತ್ತ ಮೂರು ದಿನ ಇತ್ತಲ್ಲ ಕಾಕಾ. ಫಾರಂ ನಿಮ್ಮ ಚೀಲದಾಗ ಇತ್ತು. ಮನೀಗೆ ಯಾಕ ಬರಲಿಲ್ಲ?"

ಬಾಯಿಗೆ ಬಂದದ್ದು ಅದೇ ಮೂರು ಕಾರಣ. ಡಿಫೆಂಡರ್, ಮೊಣಕಾಲು, ನೌಕರರು. ನುಂಗಿಕೊಂಡೆ. ಅವರ ಮನೆ ನಮ್ಮ ಮನೆಯಿಂದ ಎರಡೇ ಬೀದಿ.