ಸಣಕಲು ಮೈಯ ಕೊಬ್ಬು

ನಮ್ಮ ಮನೆಯ ದೊಡ್ಡ ಸೊಸೆ, ಅಂದರೆ ನಾನು ಅಕ್ಕ ಅಂತ ಕರೆಯುವ ನನ್ನ ಓರಗಿತ್ತಿ, ಶೃಂಗೇರಿಯಲ್ಲಿ ಹೆಸರುವಾಸಿ. ಹೆಸರು ಬಂದದ್ದು ಊಟ ಮಾಡದೇ ಇದ್ದದ್ದಕ್ಕೆ. ಏಕಾದಶಿ, ಸಂಕಷ್ಟಿ, ಸೋಮವಾರ, ಶನಿವಾರ, ಯಾವುದನ್ನೂ ಬಿಟ್ಟವರಲ್ಲ. ಉಳಿದ ದಿನ ಒಪ್ಪೊತ್ತು, ಮಧ್ಯಾಹ್ನದ್ದೊಂದೇ ಊಟ. "ಅವಳನ್ನು ನೋಡಿ ಕಲೀಬೇಕು" ಅಂತ ಭಾವ ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ ಹೇಳುವರು. ಆಗ ಅವರ ಕಣ್ಣು ನನ್ನ ಮೇಲೆ. ನಾನು ನರಸಿಂಹರಾಜಪುರದಲ್ಲಿ ಬೇರೆ ಮನೆ ಮಾಡಿಕೊಂಡು, ಹೊತ್ತುಹೊತ್ತಿಗೆ ಉಂಡು ದುಂಡಗಾದವಳು. ಕಲಿಯುವ ಆಸೆ ನನಗೇನೂ ಇರಲಿಲ್ಲ.

ಹೋದ ವರ್ಷ ಅಕ್ಕ ಬಚ್ಚಲಲ್ಲಿ ಅರ್ಧ ಬಕೆಟ್ ನೀರು ಎತ್ತಿದರು. ಬೆನ್ನಲ್ಲಿ ಲಟಕ್ ಅಂತು, ಅಲ್ಲೇ ಕೂತುಬಿಟ್ಟರು. ಕೊಪ್ಪದಲ್ಲಿ ಎಕ್ಸ್‌ರೇ ಆಯ್ತು, ಶಿವಮೊಗ್ಗದಲ್ಲಿ ಸ್ಕ್ಯಾನ್ ಆಯ್ತು. ನಾನೂ ಜೊತೆಗೆ ಹೋಗಿದ್ದೆ. ಬೆನ್ನುಮೂಳೆಯೊಂದು ಕುಸಿದಿದೆ, ಮೂಳೆಯೊಳಗಿನ ಮಜ್ಜೆಯಲ್ಲಿ ಕೊಬ್ಬು ತುಂಬಿದೆ ಅಂದರು ಡಾಕ್ಟರು. ಮಜ್ಜೆಯಲ್ಲಿ ಕೊಬ್ಬು ಎಲ್ಲರಿಗೂ ಇರುತ್ತದಂತೆ, ವಯಸ್ಸಾದಂತೆ ಹೆಚ್ಚುತ್ತದಂತೆ. ಆದರೆ ವರ್ಷಗಟ್ಟಲೆ ಅರೆಹೊಟ್ಟೆ ಇದ್ದವರಲ್ಲಿ ಮೈಯ ಕೊಬ್ಬು ಕರಗಿದರೂ ಮಜ್ಜೆಯದ್ದು ಏರುತ್ತದೆ, ಮೂಳೆ ಸವೆಯುತ್ತದೆ. "ಇವರಿಗೆ ಮಾತ್ರೆಯಷ್ಟೇ ಊಟವೂ ಮುಖ್ಯ. ಇನ್ನೊಂದು ಮೂಳೆ ಕುಸಿದರೆ ಹಾಸಿಗೆಯೇ ಗತಿ" ಅಂತ ಬಿಡಿಸಿ ಹೇಳಿದರು.

ಭಾವನವರ ತಲೆಗೆ ಹೋದದ್ದು ಕೊಬ್ಬು ಒಂದೇ. ಮನೆಗೆ ಬಂದದ್ದೇ ಅಕ್ಕನ ತಟ್ಟೆಯಿಂದ ತುಪ್ಪ ಹೋಯ್ತು, ಹಾಲು ಹೋಯ್ತು, ತೆಂಗಿನಕಾಯಿ ಹೋಯ್ತು. ಪಕ್ಕದ ಮನೆಯವರು ಕೊಬ್ಬು ಕರಗಲಿ ಅಂತ ಹುರುಳಿ ಬೇಯಿಸಿದ ನೀರು ಕಳಿಸಿದರು. ಅಕ್ಕನಿಗೋ, ತನ್ನೊಳಗೂ ಕೊಬ್ಬಿದೆ ಅನ್ನುವುದೇ ಅವಮಾನ. ವಾರದಲ್ಲಿ ಇನ್ನೂ ಒಂದು ದಿನ ಉಪವಾಸಕ್ಕೆ ಸೇರಿಸಿಕೊಂಡರು. ರೋಗ ಬಂದದ್ದು ಯಾವುದರಿಂದಲೋ ಅದನ್ನೇ ಔಷಧಿ ಮಾಡಿಕೊಂಡ ಜಾಣರು ನಮ್ಮವರು.

ಸುದ್ದಿ ಕೇಳಿ ನನಗೆ ಮೈಯೆಲ್ಲ ಉರಿಯಿತು. ಬಟ್ಟೆ ಕಟ್ಟಿಕೊಂಡು ಶೃಂಗೇರಿಗೆ ಬಂದು ಅಡುಗೆಮನೆ ಹಿಡಿದೆ. ಮೊದಲ ದಿನವೇ ಅಕ್ಕನನ್ನು ಕೂರಿಸಿ, ಅನ್ನ, ತೊವ್ವೆ, ತುಪ್ಪ ಬಡಿಸಿ, "ವ್ರತ ಸಾಕು ಅಕ್ಕ, ದೇವರಿಗೂ ಬೇಜಾರು ಬಂದಿರುತ್ತೆ" ಅಂದೆ.

ಅಕ್ಕ ತುತ್ತು ಕಲಸುತ್ತಾ ಮೆಲ್ಲಗೆ ಹೇಳಿದರು. "ಮೊದ್ಲು ವ್ರತ ಅಂತ ಹಿಡಿದಿದ್ದಲ್ಲ ಮಾರಾಯ್ತಿ. ಮದುವೆಯಾಗಿ ಬಂದ ಹೊಸತರಲ್ಲಿ ರಾತ್ರಿ ಎಲ್ಲರಿಗೂ ಬಡಿಸಿ ಮುಗಿಯೋ ಹೊತ್ತಿಗೆ ಪಾತ್ರೆ ಖಾಲಿ ಆಗಿರೋದು. ಅತ್ತೆ ಕೇಳಿದ್ರೆ, ಇವತ್ತು ಒಪ್ಪೊತ್ತು ಅನ್ನೋದು. ಎಲ್ರೂ ಹೊಗಳಿದ್ರು. ಆಮೇಲೆ ಬಿಡೋದು ಹೆಂಗೆ?"

ಇಷ್ಟು ವರ್ಷ ನಾನೂ ಅವರನ್ನು ವ್ರತದ ಹುಚ್ಚಿನವರು ಅಂತಲೇ ನಗುತ್ತಿದ್ದೆ.

ಬಾಗಿಲಲ್ಲಿ ನಿಂತಿದ್ದ ಭಾವ ಎಲ್ಲ ಕೇಳಿಸಿಕೊಂಡಿದ್ದರು. ಅವರಿಗೆ ನಿಜಕ್ಕೂ ಬೇಸರವಾಗಿತ್ತು, ಸುಳ್ಳು ಹೇಳಬಾರದು. "ಒಂದು ಮಾತು ಹೇಳಿದ್ರೆ ಇನ್ನೊಂದು ಪಾವು ಅನ್ನ ಜಾಸ್ತಿ ಮಾಡಿಸ್ತಿದ್ನಲ್ಲ" ಅಂದರು.

"ಯಾರ ಹತ್ರ ಮಾಡಿಸ್ತಿದ್ರಿ ಭಾವ?" ಅಂದೆ.

ಅವರು ಒಲೆಯ ಕಡೆ ನೋಡಿದರು, ಅಕ್ಕನ ಬಾಗಿದ ಬೆನ್ನು ನೋಡಿದರು. ಅಕ್ಕ ತಲೆ ಎತ್ತದೆ ಊಟ ಮಾಡುತ್ತಿದ್ದರು.