ಬಟ್ಟಿ ತಿಕ್ಕುವ ಕೈ

ಊಟಕ್ಕೆ ಕುಳಿತಿದ್ದೆ. ಪಡಸಾಲೆಯಿಂದ ಔಡಲೆಣ್ಣೆ ಕಾಯಿಸಿದ ವಾಸನೆ ಬಂತು. ಕೈಯಲ್ಲಿದ್ದ ತುತ್ತು ತಟ್ಟೆಗೆ ಮರಳಿತು. ಅವ್ವ ಬಟ್ಟಿ ತಿಕ್ಕುವುದನ್ನು ಬಿಟ್ಟು ವರ್ಷಗಳಾಗಿವೆ. ಇವತ್ತು ಓಣಿಯ ಹೆಣ್ಣುಮಗಳೊಬ್ಬಳು ಅಳುವ ಮಗನನ್ನು ಎತ್ತಿಕೊಂಡು ಬಂದು, ಬೇಡವೆಂದರೂ ಬಿಡದೆ ಕೂತಿದ್ದಳು.

ನಮ್ಮೂರು ತೆಲಿಗಿಯಲ್ಲಿ ಮಕ್ಕಳ ಹೊಟ್ಟೆ ನೊಂದರೆ ಮೊದಲು ಅನ್ನುವುದು, ಬಟ್ಟಿ ಸರಿದಿದೆ ಎಂದು. ಬಟ್ಟಿ ಎಂದರೇನೆಂದು ನೀವು ಕೇಳಬಹುದು, ನಾನೂ ಕೇಳಿದ್ದೆ. ಹೊಕ್ಕುಳ ಹತ್ತಿರ ಮಿಡಿಯುವ ನಾಡಿಯೇ ಬಟ್ಟಿಯಂತೆ, ಕುಣಿದಾಡಿದರೆ ಜಾಗ ಬಿಡುತ್ತದಂತೆ. ಬೆಚ್ಚಗಿನ ಔಡಲೆಣ್ಣೆ ಹಚ್ಚಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಅದನ್ನು ಜಾಗಕ್ಕೆ ತರಬೇಕು. ಅವ್ವನ ಕೈಗುಣ ಸುತ್ತಲಿನ ಊರಿಗೆಲ್ಲ ಗೊತ್ತಿತ್ತು. ನನ್ನ ಬಟ್ಟಿಯಂತೂ ಪರೀಕ್ಷೆಯ ದಿನಗಳಲ್ಲೇ ಸರಿಯುತ್ತಿತ್ತು.

ವರ್ಷಗಳ ಹಿಂದೆ ಒಮ್ಮೆ ತಂಗಿ ತನ್ನ ಮಗಳು ಚೈತ್ರಾಳನ್ನು ಕರೆದುಕೊಂಡು ಬಂದಿದ್ದಳು. ಹುಡುಗಿಗೆ ಆಗ ಆರು ವರ್ಷ. ನೆಗಡಿ ಬಂದು ಹೋಗಿತ್ತು. ಆಮೇಲೆ ಮೊಣಕಾಲ ಕೆಳಗೆ, ಕುಂಡಿಯ ಮೇಲೆ ಕೆಂಪು ಚುಕ್ಕೆಗಳೆದ್ದವು. ಒತ್ತಿದರೂ ಮಾಸದೆ, ನೇರಳೆಗೆ ತಿರುಗಿದವು. ಮೆಕ್ಕೆಜೋಳದ ಒಣ ಎಲೆ-ರವದಿಯಲ್ಲಿ ಆಡಿದ್ದಾಳೆ, ಅದರದೇ ತುರಿಸುವ ಗಂಧೆ ಅಂದುಕೊಂಡೆವು. ಅವಳು ಒಮ್ಮೆಯೂ ಕಾಲು ಕೆರೆದುಕೊಳ್ಳಲಿಲ್ಲ. ಅದು ಯಾರ ಗಮನಕ್ಕೂ ಬರಲಿಲ್ಲ.

ಒಂದು ಬೆಳಿಗ್ಗೆ ಹೊಟ್ಟೆ ಹಿಡಿದು ಮುದುಡಿಕೊಂಡಳು.

“ಬಟ್ಟಿ ಸರದೈತಿ ಅಷ್ಟ. ಅಳಬ್ಯಾಡ ನನ್ನವ್ವ,” ಎಂದು ಅವ್ವ ತಿಕ್ಕಿದಳು. ಅಳು ನಿಂತಿತು.

“ಅಜ್ಜಿ, ಹೋತು! ನಿನ್ ಕೈಯಾಗ ಏನೈತಿ?”

“ನಿಮ್ಮ ಮಾವನ್ನ ಕೇಳು. ಈ ಕೈ ನೆವ ಮಾಡಿ ಎಷ್ಟ್ ಪರೀಕ್ಷಿ ತಪ್ಪಿಸ್ಯಾನ!”

ಎಲ್ಲರೂ ನಕ್ಕೆವು. ಆ ನಗು ನೆನೆದರೆ ಈಗ ಹೆದರಿಕೆಯಾಗುತ್ತದೆ. ಬಂದು, ಬಿಟ್ಟು, ಮತ್ತೆ ಬರುವುದೇ ಆ ನೋವಿನ ರೀತಿಯಾಗಿತ್ತು. ಬಿಟ್ಟಾಗಲೆಲ್ಲ ನಾವು ಕೈಗುಣ ಎಂದೆವು. ಬಂದಾಗಲೆಲ್ಲ ಅವ್ವ ಮತ್ತೆ ಒತ್ತಿದಳು. ಮಧ್ಯಾಹ್ನ ಹಸಿರು ವಾಂತಿಯಾಯಿತು. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ತಂಗಿ ಕೂಗಿದಳು: “ಅಣ್ಣಾ, ಸಂಡಾಸದಾಗ ರಕ್ತ ಹೊಂಟೈತೋ!”

ಬಾಡಿಗೆ ಕಾರಿನಲ್ಲಿ ದಾವಣಗೆರೆಗೆ ಹೊರಟೆವು. ದಾರಿಯಲ್ಲಿ ಚೈತ್ರಾ ಅಳುವುದನ್ನು ನಿಲ್ಲಿಸಿದಳು. ಅತ್ತರೆ ಸಾಕು ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಅಲ್ಲಿಯ ಡಾಕ್ಟರು ಹೊಟ್ಟೆಗಿಂತ ಮೊದಲು ಕಾಲು ನೋಡಿದರು. ಸ್ಕ್ಯಾನ್ ಮಾಡಿದ ಮೇಲೆ ನಮ್ಮನ್ನು ಕೂರಿಸಿ ಹೇಳಿದರು. ಸಣ್ಣ ರಕ್ತನಾಳಗಳಿಗೆ ಉರಿಯೂತ ಬಂದಿದೆ. ಚರ್ಮದಲ್ಲಿ ರಕ್ತ ಸೋರಿ ಚುಕ್ಕೆಯಾದಂತೆ ಕರುಳಿನ ಗೋಡೆಯಲ್ಲೂ ಸೋರಿ, ಗೋಡೆ ಬಾತಿದೆ. ಬಾತ ಕರುಳು, ಅಂಗಿಯ ತೋಳು ಒಳಕ್ಕೆ ಸರಿದಂತೆ, ತನ್ನೊಳಗೇ ತಾನು ಸರಿದು ಸಿಕ್ಕಿಕೊಂಡಿದೆ.

“ಹೊಟ್ಟಿ ತಿಕ್ಕಿದ್ರಾ?”

“ಹೂಂ ರೀ.”

ಅವರು ಬಯ್ಯಲಿಲ್ಲ. “ಇನ್ ಮುಟ್ಟಬ್ಯಾಡ್ರಿ. ಈಗ್ಲೇ ಆಪರೇಷನ್ ಆಗ್ಬೇಕು,” ಎಂದರು.

ಹೊರಗೆ ಬೆಂಚಿನ ಮೇಲೆ ಅವ್ವ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದಳು. ಎಣ್ಣೆಯ ವಾಸನೆ ಸೆರಗು ದಾಟಿ ಬರುತ್ತಿತ್ತು.

ಹುಡುಗಿ ಉಳಿದಳು, ಕರುಳಿನ ಒಂದು ತುಂಡು ಹೋಯಿತು. ಮೂತ್ರಪಿಂಡಕ್ಕೂ ತಗಲಬಹುದೆಂದು ಬಹಳ ಕಾಲ ಮೂತ್ರ ಪರೀಕ್ಷೆಗೆ ಅಲೆದೆವು. ಈಗ ಎತ್ತರ ಬೆಳೆದಿದ್ದಾಳೆ. ಅವಳು ಬಂದಾಗಲೆಲ್ಲ ನನ್ನ ಕಣ್ಣು ಮೊದಲು ಚುಕ್ಕೆ ಹುಡುಕುತ್ತದೆ. “ಮಾವ ನನ್ನ ಮಾರಿ ನೋಡಂಗಿಲ್ಲ. ನನ್ ಕಾಲಾಗ ಏನ್ ಕಳಕೊಂಡಾನೋ!” ಎಂದು ಹಂಗಿಸುತ್ತಾಳೆ.

ಪಡಸಾಲೆಗೆ ಬಂದೆ. ಅವ್ವ ಹುಡುಗನ ಚಡ್ಡಿ ಸರಿಸಿ, ಬಾಗಿಲ ಬೆಳಕಿಗೆ ತಿರುಗಿಸಿ ಕಾಲು ನೋಡುತ್ತಿದ್ದಳು. ಒಂದು ಚುಕ್ಕೆಯೂ ಇರಲಿಲ್ಲ.

“ಮತ್ಯಾಕ ತಡ? ತಿಕ್ಕವ್ವ,” ಎಂದಳು ಹುಡುಗನ ತಾಯಿ.

ಅವ್ವ ಬೆರಳನ್ನು ಎಣ್ಣೆಯಲ್ಲಿ ಅದ್ದಿದಳು. ಬೆರಳು ಬಟ್ಟಲಿನ ಮೇಲೆಯೇ ನಿಂತಿತು, ಎಣ್ಣೆ ತೊಟ್ಟಿಕ್ಕಿತು.

“ಕಾಲು ಸ್ವಚ್ಛ ಅದಾವು. ಆದ್ರೂ ಕೈ ಏಳವಲ್ದು ತಾಯಿ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಉಣ್ಣೋದು ಆಮ್ಯಾಲೆ. ದವಾಖಾನಿಗೆ ಗಾಡಿ ತಗೀ.”